ಮೇಲಿನ ಹಲ್ಲು, ಕೆಳಗಿನ ತುಟಿ

ಅತ್ತೆ ಮಾತು ಬಿಟ್ಟರೆ ಸೊಸೆಗೆ ಸ್ವರ್ಗಕ್ಕೆ ಮೂರೇ ಗೇಣು ಎಂದು ಲೋಕ ತಿಳಿದುಕೊಂಡಿದೆ. ಲೋಕಕ್ಕೇನು, ಅದು ಬೇರೆಯವರ ಮನೆಯಲ್ಲಿ ಕೂತು ಊಟ ಮಾಡುವುದಿಲ್ಲ. ಈ ಮನೆಯ ಸೊಸೆಯೂ ಮೊದಲೆರಡು ದಿನ ಹಾಗೆಯೇ ಅಂದುಕೊಂಡಳು. ಪರದೆ ಸೊಟ್ಟಗಿದೆ ಎಂದು ಯಾರೂ ಹೇಳಲಿಲ್ಲ, ಬಾಗಿಲು ಹಾಕಿದ ಸದ್ದಿಗೆ ಯಾರೂ "ಅದಕ್ಕೂ ಜೀವ ಇದೆ" ಅನ್ನಲಿಲ್ಲ, ಪಾತ್ರೆ ತೊಳೆಯುವಾಗ ಯಾರೂ ಹಿಂದೆ ಬಂದು ನಿಲ್ಲಲಿಲ್ಲ. ಮೂರನೆಯ ದಿನದ ಹೊತ್ತಿಗೆ ಮನೆ ಬಿಕೋ ಎನ್ನತೊಡಗಿತು. ಅತ್ತೆ ಇಲ್ಲದ ಮನೆ ಬೇರೆ, ಅತ್ತೆ ಇದ್ದೂ ಸದ್ದಿಲ್ಲದ ಮನೆ ಬೇರೆ ಎಂದು ಅವಳಿಗೆ ಆಗ ತಿಳಿಯಿತು.

ಅತ್ತೆ ಇಂಗ್ಲಿಷ್ ಟೀಚರ್. ನಿವೃತ್ತಿಯಾಗಿ ವರ್ಷಗಳೇ ಕಳೆದಿದ್ದರೂ ಬೀದಿಗೆಲ್ಲ ಇನ್ನೂ ಟೀಚರೇ. ಶಾಲೆ ಬಿಟ್ಟ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಉದ್ದ ಬೆಂಚು ಹಾಕಿ, ಕೈಗನ್ನಡಿಗಳನ್ನು ಇಟ್ಟುಕೊಂಡು ಉಚ್ಚಾರಣೆ ಕಲಿಸುತ್ತಿದ್ದರು. ಹೋಟೆಲ್ಲಿನ ರಿಸೆಪ್ಶನ್ ಹುಡುಗಿಯರು, ಆಸ್ಪತ್ರೆಯ ನರ್ಸುಗಳು, ದಿನವಿಡೀ ಫೋನಿನಲ್ಲಿ ಗಿರಾಕಿಗಳನ್ನು ಸಂಭಾಳಿಸುವವರು ಎಲ್ಲ ಬರುತ್ತಿದ್ದರು. ವ್ಯಾಕರಣ ಬೇಕೆಂದು ಬಂದವರನ್ನು ಬೇರೆ ಕಡೆ ಅಟ್ಟುತ್ತಿದ್ದರು. "ವ್ಯಾಕರಣ ಪುಸ್ತಕದಲ್ಲಿ ಸಿಗುತ್ತೆ, ನಾನು ಬಾಯಿ ರಿಪೇರಿ ಮಾಡೋಳು," ಎನ್ನುತ್ತಿದ್ದರು. ಅದರಲ್ಲೂ ವ್ಯಂಜನಗಳೆಂದರೆ ಅವರಿಗೆ ಪ್ರಾಣ. ಸ್ವರವನ್ನು ಯಾರು ಬೇಕಾದರೂ ಎಳೆಯುತ್ತಾರೆ, ಮಾತಿನ ಮೂಳೆ ಇರುವುದು ವ್ಯಂಜನದಲ್ಲಿ ಎಂಬುದು ಅವರ ಸಿದ್ಧಾಂತ. ಎಫ್ ಇರಬೇಕಾದ ಕಡೆ ಪಿ ತಂದವರನ್ನು, ಝಡ್ ಇರಬೇಕಾದ ಕಡೆ ಜೆ ತಂದವರನ್ನು ಅವರು ಕಳ್ಳಮಾಲು ಸಾಗಿಸುವವರಂತೆ ಬಾಗಿಲಲ್ಲೇ ಹಿಡಿಯುತ್ತಿದ್ದರು.

ಸೊಸೆಯನ್ನೂ ಹಿಡಿದಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ, ಮನೆ ತುಂಬ ನೆಂಟರಿದ್ದಾಗ, ಅವಳು ಟ್ರೇ ಹಿಡಿದು "ಕಾಪಿ ತಗೊಳ್ಳಿ" ಎಂದಿದ್ದಳು. "ಕಾಪಿ ಹೊಡೆಯೋದು ಪರೀಕ್ಷೆಯಲ್ಲಿ ಕಣಮ್ಮ, ಇದು ಕಾಫಿ," ಎಂದರು ಅತ್ತೆ. ನೆಂಟರು ನಕ್ಕರು. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೆ ಸೊಸೆಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂದಿನಿಂದ ಅವಳು ಆ ಅಕ್ಷರವನ್ನೇ ಮನೆಯಿಂದ ಆಚೆಗಿಟ್ಟಳು. ಫ್ಯಾನ್ "ತಿರುಗೋದು" ಆಯಿತು, ಫ್ರಿಜ್ "ತಣ್ಣನೆ ಪೆಟ್ಟಿಗೆ" ಆಯಿತು, ಸೋಫಾ "ಮೆತ್ತನೆ ಕುರ್ಚಿ" ಆಯಿತು. ಫೋನ್ ಬಂದರೆ "ಅದು ಕೂಗ್ತಿದೆ" ಎನ್ನುತ್ತಿದ್ದಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವೆಲ್ಲ ಎಂಜಿನ್ನುಗಳ ನಡುವೆ ಇದ್ದು ಬರುವ ಆ ಮಹಾರಾಯನಿಗೆ ಹೆಂಡತಿಯ ಮಾತಿನಲ್ಲಿ ಒಂದು ಅಕ್ಷರ ನಾಪತ್ತೆಯಾಗಿದೆ ಎಂದು ಗೊತ್ತೇ ಆಗಲಿಲ್ಲ.

ಇನ್ನು ಸೊಸೆಯ ಕೆಲಸವೆಂದರೆ ಹಲ್ಲು ಮಾಡುವುದು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆ ಅವಳದು. ಅಲ್ಲಿ ಪ್ಲಾಸ್ಟರ್ ಪುಡಿಯ ಡಬ್ಬಿಗಳು, ಗುಲಾಬಿ ಬಣ್ಣದ ಮೇಣದ ಹಾಳೆಗಳು, ಒಂದು ಸ್ಪಿರಿಟ್ ದೀಪ, ಕಪಾಟಿನ ತುಂಬ ಊರಿನವರ ಬಾಯಿಯ ಅಚ್ಚುಗಳು. ಡಾಕ್ಟರು ಬಾಯಿಯ ಅಳತೆ ತೆಗೆದು ಕೊಡುತ್ತಾರೆ. ಇವಳು ಅಚ್ಚು ಮಾಡಿ, ಅದರ ಮೇಲೆ ಮೇಣದಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಾಳೆ. ಮೇಣದಲ್ಲಿದ್ದಾಗಲೇ ಅದನ್ನು ಒಮ್ಮೆ ರೋಗಿಯ ಬಾಯಿಗೆ ಹಾಕಿ ನೋಡಿ, ಎಲ್ಲ ಸರಿ ಅನ್ನಿಸಿದರೆ ಆಮೇಲೆ ಗಟ್ಟಿ ಸೆಟ್ಟು ಮಾಡುತ್ತಾರೆ. ಮೇಲಿನ, ಕೆಳಗಿನ ಹಲ್ಲು ಕೂಡುವ ಕಚ್ಚು ಸರಿಯಿದೆಯೇ ಎಂದು ಡಾಕ್ಟರು ನೋಡುತ್ತಾರೆ. ಕೊನೆಯದು ಮಾತಿನ ಪರೀಕ್ಷೆ. ಅದಕ್ಕೆಲ್ಲ ಡಾಕ್ಟರಿಗೆ ಪುರುಸೊತ್ತಿಲ್ಲ, ಇವಳಿಗೇ ಬಿಟ್ಟಿದ್ದರು. ತರಬೇತಿಯಲ್ಲಿ ಕಲಿಸಿದ್ದ ಇಂಗ್ಲಿಷ್ ಸಾಲೊಂದಿತ್ತು: ಫಿಫ್ಟಿ ಫೈವ್, ವೆರಿ ಫೈನ್. ಇವಳು ಹೇಳುವಳು, ರೋಗಿ ಇವಳ ಬಾಯಿ ನೋಡಿಕೊಂಡು ಹೇಳುವರು. ತಡವರಿಸದೆ ಬಂದರೆ ಹಲ್ಲು ಪಾಸು.

ಅತ್ತೆಯ ಒಸಡಿಗೆ ಹಳೆಯ ಕಾಯಿಲೆ. ಹಲ್ಲುಗಳು ಅಲುಗಾಡಿ ಅಲುಗಾಡಿ ಕೊನೆಗೆ ಡಾಕ್ಟರು ಎಲ್ಲವನ್ನೂ ತೆಗೆದುಬಿಟ್ಟರು. ಒಸಡು ಆರಲಿ, ಆಮೇಲೆ ಹೊಸ ಸೆಟ್ಟು, ಮಾಡುವವಳು ಮನೆಯಲ್ಲೇ ಇದ್ದಾಳಲ್ಲ ಎಂದರು. ಅತ್ತೆ ಎದೆಗುಂದಲಿಲ್ಲ. ಬಾಯಿಯ ಊತ ಇಳಿದದ್ದೇ ಬೆಂಚು ಒರೆಸಿ, ಪಾಠಕ್ಕೆ ಕೂತರು.

ಮೊದಲು ಬಂದವಳು ಹೋಟೆಲ್ಲಿನ ರಿಸೆಪ್ಶನ್ ಹುಡುಗಿ. ಕೋಣೆಯ ನಂಬರುಗಳನ್ನು ಸರಿಯಾಗಿ ಹೇಳಲು ಕಲಿಯುತ್ತಿದ್ದಳು. ಅಡುಗೆಮನೆಯಲ್ಲಿದ್ದ ಸೊಸೆಗೆ ಎಲ್ಲವೂ ಕೇಳಿಸುತ್ತಿತ್ತು. ಅತ್ತೆ "ಫೈವ್" ಹೇಳಲು ಹೋದರು. ಮೇಲಿನ ಹಲ್ಲೇ ಇಲ್ಲದ ಬಾಯಿ, ತುಟಿಗೆ ತುಟಿ ಬಡಿದು "ಪೈವ್" ಎಂದು ಬಂತು. ಹುಡುಗಿ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಕನ್ನಡಿ ಹಿಡಿದು, ಎರಡೂ ತುಟಿ ಕೂಡಿಸಿ, ಭಕ್ತಿಯಿಂದ "ಪೈವ್" ಎಂದಳು. ಟೀಚರ್ ಹೇಳಿದ ಹಾಗೆಯೇ ಹೇಳಿದೆ ಎಂಬ ತೃಪ್ತಿ ಆ ದನಿಯಲ್ಲಿತ್ತು. ಆಮೇಲೆ ಹುಡುಗಿಯ ಚಪ್ಪಲಿಯ ಸದ್ದು, ಬಾಗಿಲ ಸದ್ದು. ಸೊಸೆ ಕೈ ಒರೆಸಿಕೊಂಡು ಬಂದು ನೋಡಿದಾಗ, ಅತ್ತೆ ಸ್ಲೇಟಿನ ಮೇಲೆ "ಪಾಠ ಇಲ್ಲ" ಎಂದು ಬರೆದು ಕಿಟಕಿಯಲ್ಲಿ ಇಡುತ್ತಿದ್ದರು.

ಅಂದು ಮುಚ್ಚಿದ ಬಾಯಿಯನ್ನು ಅವರು ಮತ್ತೆ ತೆರೆಯಲಿಲ್ಲ. ಇಂಗ್ಲಿಷ್ ಹೋಗಲಿ, ಕನ್ನಡವೂ ಇಲ್ಲ. ಬೇಕಾದ್ದನ್ನು ಇನ್ನೊಂದು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. "ಕನ್ನಡಕ್ಕೇನಾಗಿದೆ ಅತ್ತೆ, ಅದು ಬರುತ್ತಲ್ಲ," ಎಂದು ಸೊಸೆ ಕೇಳಿದ್ದಕ್ಕೆ "ಅರ್ಧ ಬಾಯಿ ಬೇಡ" ಎಂದು ಬರೆದರು. ಊಟಕ್ಕೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಪಕ್ಕದ ಮನೆಯವರು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. "ನಮ್ಮಮ್ಮ ನೈಫ್ ಅನ್ನೋ ಪದದಲ್ಲಿರೋ ಕೆ ಥರ ಆಗಿಬಿಟ್ರು ನೋಡು, ಮುಂದೇನೇ ಕೂತಿರ್ತಾರೆ, ಸದ್ದೇ ಇಲ್ಲ," ಎಂದು ಗಂಡ ತಮಾಷೆ ಮಾಡಿದ. ಅವರು ಬೈಯಲಿ ಎಂದೇ ಅವರ ಎದುರಿಗೆ ಹೇಳಿದ್ದ. ಅವರು ಬೈಯಲಿಲ್ಲ, ಅವನು ತಟ್ಟೆ ನೋಡುತ್ತ ಕೂತ.

ಡಾಕ್ಟರು ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದರು. "ಬೇಗ ಏನಾದ್ರೂ ಮಾಡಬೇಕು. ಮಾತಾಡದೆ ಇದ್ರೆ ತುಟಿ, ಕೆನ್ನೆ, ನಾಲಿಗೆ ಎಲ್ಲ ಸೋಮಾರಿಯಾಗ್ತವೆ. ಆಮೇಲೆ ಎಂಥ ಹಲ್ಲು ಕೊಟ್ರೂ ಡಬ್ಬೀಲಿ ಇಟ್ಟುಬಿಡ್ತಾರೆ. ಹಾಗೆ ಒಳಗೆ ಹೋಗಿ ಕೂತವರನ್ನ ನಾನು ನೋಡಿದೀನಿ. ಅವರು ಮತ್ತೆ ಹೊರಗೆ ಬರಲ್ಲ."

ತನಗೆ ಈ ಹೆಂಗಸಿನ ಮಾತು ಇಷ್ಟು ಬೇಕು ಎಂದು ಸೊಸೆಗೇ ಗೊತ್ತಿರಲಿಲ್ಲ. ಜೀವಮಾನದಲ್ಲಿ ಮಾಡದಂಥ ಹಲ್ಲು ಮಾಡಲು ಕೂತಳು. ಬಿಳಿ ಹಲ್ಲು ಸುಳ್ಳು ಹೇಳುತ್ತದೆ ಎಂದು ಸ್ವಲ್ಪ ಹಳದಿ ಬೆರೆತ ಬಣ್ಣ ಆರಿಸಿದಳು. ಅತ್ತೆಯ ಮುಂದಿನ ಹಲ್ಲೊಂದು ಮೊದಲು ತುಸು ತಿರುಗಿಕೊಂಡಿತ್ತು, ಅದನ್ನೂ ಹಾಗೆಯೇ ತಿರುಗಿಸಿ ಕೂರಿಸಿದಳು. ಮುಗಿಸಿದಾಗ ಅಚ್ಚಿನ ಮೇಲೆ ಅತ್ತೆಯ ಬಾಯಿ ಮಾತಿಗೆ ಸಿದ್ಧವಾಗಿ ಕೂತಂತಿತ್ತು.

ರೋಗಿಗಳಿಲ್ಲದ ಒಂದು ಮಧ್ಯಾಹ್ನ ಅತ್ತೆಯನ್ನು ಕ್ಲಿನಿಕ್ಕಿಗೆ ಕರೆತಂದಳು. ಡಾಕ್ಟರು ಮೇಣದ ಹಲ್ಲನ್ನು ಹಾಕಿ, ಕಚ್ಚು ನೋಡಿ, ಭೇಷ್ ಎಂದರು. ಅತ್ತೆ ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಒಳಗೆ ಹೋಗಿದ್ದ ಕೆನ್ನೆ ಹೊರಗೆ ಬಂದಿತ್ತು. ಅವರ ಕಣ್ಣಿನಲ್ಲಿ ಏನೋ ಮಿಂಚಿದ್ದನ್ನು ಸೊಸೆ ನೋಡಿದಳು. ಆ ಖುಷಿಯಲ್ಲಿ, ಎಲ್ಲ ರೋಗಿಗಳಿಗೂ ಹೇಳುವಂತೆ, "ನಾನು ಹೇಳಿದ ಹಾಗೆ ಹೇಳಿ," ಎಂದುಬಿಟ್ಟಳು. ಯಾರಿಗೆ ಹೇಳುತ್ತಿದ್ದೇನೆ ಎಂದು ಹೊಳೆಯುವ ಮೊದಲೇ ಬಾಯಿಂದ ಮುಂದಿನದೂ ಬಂತು. "ಪಿಪ್ಟಿ ಪೈವ್, ವೆರಿ ಪೈನ್."

ಅತ್ತೆ ಬಾಯಿ ತೆರೆಯಲಿಲ್ಲ. ಕುರ್ಚಿಯಿಂದ ಮುಂದೆ ಬಾಗಿ, ಸೊಸೆಯ ಗಲ್ಲ ಹಿಡಿದು, ಹೆಬ್ಬೆರಳಿನಿಂದ ಅವಳ ಕೆಳತುಟಿಯನ್ನು ಮೆಲ್ಲಗೆ ಒಳಗೆ ಒತ್ತಿ ಮೇಲಿನ ಹಲ್ಲಿನ ಕೆಳಗೆ ತಂದು ನಿಲ್ಲಿಸಿದರು. ಸೊಸೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಡಾಕ್ಟರಿಗೆ ಮೊದಲು ಅರ್ಥವಾಯಿತು.

"ಎಲ್ಲರಿಗೂ ನೀನು ಹೀಗೇ ಹೇಳ್ಕೊಡ್ತಿದ್ಯಾ?" ಎಂದರು ಅವರು.

ಹೀಗೇ ಹೇಳಿಕೊಡುತ್ತಿದ್ದಳು. ಆ ಸಾಲು ಇರುವುದೇ ಮೇಲಿನ ಹಲ್ಲು ಕೆಳತುಟಿಯ ಮೇಲೆ ಸರಿಯಾದ ಜಾಗದಲ್ಲಿ ಇಳಿಯುತ್ತದೆಯೇ ಎಂದು ನೋಡಲು. ಇವಳು ಎರಡು ತುಟಿ ಮುಚ್ಚಿ ಪಕಾರ ಹೇಳುವಳು, ರೋಗಿಯೂ ಇವಳನ್ನು ನೋಡಿಕೊಂಡು ಪಕಾರ ಹೇಳುವರು, ಪಕಾರಕ್ಕೆ ಹಲ್ಲಿನ ಹಂಗೇ ಇಲ್ಲ. ಬೆಲ್ಲ ಕೊಟ್ಟು ಕಹಿಯಿದೆಯೇ ಎಂದು ಕೇಳಿದ ಹಾಗೆ. ವರ್ಷಗಟ್ಟಲೆ ಎಲ್ಲ ಹಲ್ಲುಗಳೂ ಪಾಸಾಗಿದ್ದವು. ಎಫ್ ಬೇಕಾದವರು ಯಾರೂ ಬಂದಿರಲಿಲ್ಲವಾದ್ದರಿಂದ ಯಾರೂ ದೂರಲಿಲ್ಲ. ಸೊಸೆ ತಲೆ ತಗ್ಗಿಸಿದಳು. "ನನ್ನದೂ ತಪ್ಪಿದೆ, ನಾನೂ ನಿಂತು ಕೇಳಬೇಕಿತ್ತು," ಎಂದು ಡಾಕ್ಟರು ಅತ್ತೆಯ ಕಡೆ ತಿರುಗಿದರು. "ಟೀಚರ್, ನೀವೇ ಒಂದ್ಸಲ ಹೇಳಿಬಿಡಿ. ಹಲ್ಲು ಎಲ್ಲಿ ತಾಗುತ್ತೆ ನೋಡಿ ಸರಿ ಮಾಡ್ತೀವಿ."

ಅತ್ತೆ ಹಲ್ಲನ್ನು ತೆಗೆದು ತಟ್ಟೆಯಲ್ಲಿಟ್ಟು ಸ್ಲೇಟು ತೆಗೆದುಕೊಂಡರು. "ತಪ್ಪು ಹೇಳಲಾರೆ," ಎಂದು ಬರೆದರು.

ಇದಕ್ಕೆ ಏನು ಮಾಡುತ್ತೀರಿ. ಹಲ್ಲು ಸರಿಯಾಗದೆ ಅವರು ಬಾಯಿ ತೆರೆಯುವುದಿಲ್ಲ, ಅವರು ಬಾಯಿ ತೆರೆಯದೆ ಹಲ್ಲು ಸರಿಯಾಗುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಸೊಸೆ ಅತ್ತೆಯ ತೋಳು ಹಿಡಿದು ಇದನ್ನೇ ಯೋಚಿಸುತ್ತಿದ್ದಳು. ಸಿಗ್ನಲ್ಲಿನ ಹತ್ತಿರ ಕಾರುಗಳು ನಿಲ್ಲಲಿ ಎಂದು ಕಾಯುತ್ತಿದ್ದಾಗ, ರಸ್ತೆಯ ಕಡೆಯೇ ನೋಡುತ್ತ, ಕೊನೆಗೂ ಬಾಯಿಬಿಟ್ಟಳು. "ಅತ್ತೆ, ನನಗೆ ಕಲಿಸಿ. ನನ್ನ ಬಾಯಲ್ಲಿ ಬಂದ್ರೆ ಹಲ್ಲು ಎಲ್ಲಿ ಕೂರಬೇಕು ಅಂತ ನನ್ನ ಕೈಗೆ ಗೊತ್ತಾಗುತ್ತೆ. ನೀವು ಏನೂ ಹೇಳೋದು ಬೇಡ." ಇಷ್ಟು ವರ್ಷದಲ್ಲಿ ಅವಳು ಅತ್ತೆಯನ್ನು ಏನಾದರೂ ಕಲಿಸಿ ಎಂದು ಕೇಳಿದ್ದು ಅದೇ ಮೊದಲು. ರಸ್ತೆ ದಾಟುವಾಗ ಅತ್ತೆ ಸೊಸೆಯ ಕೈಯನ್ನು ಎಂದಿಗಿಂತ ಗಟ್ಟಿಯಾಗಿ ಹಿಡಿದಿದ್ದರು.

ಮರುದಿನ ಸಂಜೆಯಿಂದ ಪಾಠ ಶುರುವಾಯಿತು. ದನಿಯಿಲ್ಲದ ಟೀಚರು, ದನಿ ಏಳದ ವಿದ್ಯಾರ್ಥಿನಿ, ನಡುವೆ ಒಂದು ಕೈಗನ್ನಡಿ. ಅತ್ತೆ ತೆಳು ಕಾಗದದ ಚೂರೊಂದನ್ನು ಸೊಸೆಯ ಬಾಯಿಯ ಮುಂದೆ ಹಿಡಿದರು. ಪಕಾರಕ್ಕೆ ಕಾಗದ ಪಟ್ಟನೆ ಹಾರುತ್ತದೆ. ಎಫ್‌ಗೆ ಹಾರಬಾರದು, ಸುಮ್ಮನೆ ನಡುಗುತ್ತಿರಬೇಕು. ಸೊಸೆಯ ಕಾಗದ ಹಾರುತ್ತಲೇ ಇತ್ತು. ಹಲ್ಲನ್ನು ತುಟಿಯ ಮೇಲೆ ಇಟ್ಟುಕೊಂಡರೆ ಉಸಿರು ಬರುತ್ತಿರಲಿಲ್ಲ, ಉಸಿರು ಬಿಟ್ಟರೆ ತುಟಿ ಜಾರಿ ಮೇಲಿನ ತುಟಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದ ಜೊತೆಗಿರುವ ಜೋಡಿಯನ್ನು ಬೇರೆ ಮಾಡುವುದು ಸುಲಭವೇ?

ಅತ್ತೆ ಬಿಡಲಿಲ್ಲ. ಎಫ್ ಬಾರದಿದ್ದರೆ ಅದರ ಅಕ್ಕಪಕ್ಕದವರನ್ನು ಹಿಡಿದು ಬಾ ಎಂದು ಬೇರೆ ವ್ಯಂಜನಗಳಿಗೆ ಕರೆದೊಯ್ದರು. ಸೊಸೆಯ ಕೈಯನ್ನು ಅವಳ ಕುತ್ತಿಗೆಯ ಮೇಲೇ ಇಡಿಸಿದರು. ಎಸ್‌ಗೆ ಗಂಟಲು ಸುಮ್ಮನಿರಬೇಕು, ಝಡ್‌ಗೆ ಜೇನ್ನೊಣ ಹೊಕ್ಕ ಹಾಗೆ ಗುಂಯ್‌ಗುಡಬೇಕು. ಡಬ್ಲ್ಯೂಗೆ ತುಟಿಯನ್ನು ದುಂಡಗೆ ಮಾಡಿ ಮುಂದೆ ತರಬೇಕು, ಅಲ್ಲಿ ಹಲ್ಲಿಗೆ ಪ್ರವೇಶವಿಲ್ಲ. ಪದದ ಕೊನೆಯಲ್ಲಿ ಬಾಲ ಸೇರಿಸಬಾರದು. ಸೊಸೆ "ಬಸ್ಸು" ಎಂದರೆ ಅತ್ತೆ ಗಾಳಿಯಲ್ಲಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ಆ ಉಕಾರವನ್ನು ಕತ್ತರಿಸುತ್ತಿದ್ದರು. ಸೊಸೆ ಬಸ್ಸನ್ನು ಕತ್ತರಿಸಿದಳು, ಕಾರನ್ನು ಕತ್ತರಿಸಿದಳು, ಬ್ಯಾಗಿನ ಬಾಲವೂ ಉದುರಿತು.

ಸ್ಪೆಲಿಂಗಿನ ವಿಷಯಕ್ಕೆ ಬಂದಾಗ ಅವಳಿಗೆ ನಿಜವಾಗಿ ಸಿಟ್ಟು ಬಂತು. ಎಫ್ ಒಂದೇ ಇದ್ದರೂ ಎಫ್, ಎರಡಿದ್ದರೂ ಎಫ್. ಪಿ ಮತ್ತು ಎಚ್ ಜೊತೆಗೆ ಬಂದರೂ ಎಫ್. ಜಿ ಮತ್ತು ಎಚ್ ಬಂದರೆ ಒಮ್ಮೆ ಎಫ್, ಇನ್ನೊಮ್ಮೆ ಏನೂ ಇಲ್ಲ. ಅತ್ತೆ ಸ್ಲೇಟಿನಲ್ಲಿ ಬರೆದು ತೋರಿಸಿದಷ್ಟೂ ಅವಳ ಹುಬ್ಬು ಮೇಲೇರಿತು. "ಇದೇನತ್ತೆ, ಮನೆ ಒಂದು, ಬಾಗಿಲು ನಾಲ್ಕು. ಅದರಲ್ಲೂ ಒಂದು ಬಾಗಿಲು ತೆಗೆದ್ರೆ ಒಳಗೆ ಗೋಡೆ. ಬರೆದ ಹಾಗೆ ಓದೋಕೆ ಇವರಿಗೇನು ರೋಗ?" ಅತ್ತೆಯ ಭುಜ ಕುಲುಕಿತು. ಬಾಯಿ ಮುಚ್ಚಿಕೊಂಡೇ ನಕ್ಕಿದ್ದರು. ಆ ಕುಲುಕಾಟ ನೋಡಿ ಸೊಸೆಗೆ ಎಷ್ಟು ಸಂತೋಷವಾಯಿತೆಂದರೆ, ಗೊತ್ತಿದ್ದ ಸ್ಪೆಲಿಂಗನ್ನೂ ಬೇಕೆಂದೇ ತಪ್ಪು ಮಾಡಿದಳು.

ಥ್ರೀ, ಥಿಂಕ್ ಎನ್ನುವಲ್ಲಿ ಬರುವ ಸದ್ದಿಗೆ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಹೊರಗೆ ಚಾಚಬೇಕು. ಅತ್ತೆಗೆ ನಾಲಿಗೆ ಚಾಚುವ ಯೋಗ, ಅದೂ ಅತ್ತೆಯದೇ ಅಪ್ಪಣೆಯ ಮೇಲೆ, ಯಾವ ಸೊಸೆಗೆ ಸಿಕ್ಕೀತು. ಅವಳು ನಾಚಿಕೊಂಡು ತುದಿಯಷ್ಟೇ ತೋರಿಸಿದಳು. ಅತ್ತೆ ಇನ್ನೂ ಎಂದು ಕೈ ಆಡಿಸಿದರು. ಅವಳು ಇನ್ನೂ ಚಾಚಿದಳು. ಅದೇ ಹೊತ್ತಿಗೆ ಡಿಪೋದಿಂದ ಬಂದ ಗಂಡ, ಬೂಟು ಕಳಚುತ್ತ, ಹೆಂಡತಿ ತನ್ನ ತಾಯಿಗೆ ನಾಲಿಗೆ ಚಾಚಿಕೊಂಡು ನಿಂತದ್ದನ್ನೂ ತಾಯಿ ಸೈ ಎಂದು ತಲೆಯಾಡಿಸುತ್ತಿದ್ದುದನ್ನೂ ನೋಡಿದ. ಕಳಚಿದ ಬೂಟನ್ನು ಮತ್ತೆ ಹಾಕಿಕೊಂಡು ಹೊರಗೆ ಹೋದ.

ಎಲ್ಲವೂ ಅಷ್ಟಿಷ್ಟು ಬಂದವು, ಬೇಕಾದದ್ದು ಬರಲಿಲ್ಲ. ದಿನಗಳು ಕಳೆಯುತ್ತಿದ್ದವು. ಅತ್ತೆಯ ತುಟಿಗಳು ಒಳಗೊಳಗೆ ಸೇರಿಕೊಳ್ಳುತ್ತಿದ್ದುದು ಸೊಸೆಗೆ ಕಾಣುತ್ತಿತ್ತು. ಪಾಠದ ಹೊತ್ತು ಬಿಟ್ಟರೆ ಅವರು ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನನ್ನ ದಪ್ಪ ನಾಲಿಗೆಯಿಂದ ಇವರನ್ನು ಕಳೆದುಕೊಳ್ಳುತ್ತೇನೆ ಎಂದು ಅವಳಿಗೆ ಭಯವಾಯಿತು.

ಬಂದದ್ದು ಕೆಲಸದ ಮೇಜಿನ ಮುಂದೆ. ಯಾರದೋ ಬಾಯಿಯ ಒಂದು ಹಟಮಾರಿ ಹಲ್ಲನ್ನು ಮೇಣದಲ್ಲಿ ಕೂರಿಸುತ್ತಿದ್ದಳು. ಕೈ ಅಲುಗಬಾರದ ಕೆಲಸ ಬಂದಾಗ ಅವಳಿಗೊಂದು ಅಭ್ಯಾಸ, ಕೆಳತುಟಿ ಕಚ್ಚಿಕೊಳ್ಳುವುದು. ಹಲ್ಲು ಜಾಗಕ್ಕೆ ಬಂದು ಕೂತಿತು. ಕಚ್ಚಿದ ತುಟಿ ಬಿಡದೆಯೇ ಅವಳು ನಿಟ್ಟುಸಿರು ಬಿಟ್ಟಳು. ಫ್ ಎಂದು ಸದ್ದು ಬಂತು. ಅವಳು ಬೆಚ್ಚಿ ಆಚೀಚೆ ನೋಡಿದಳು. ಮತ್ತೆ ಕಚ್ಚಿ, ಮತ್ತೆ ಬಿಟ್ಟಳು. ಅದೇ ಸದ್ದು. ದಿನಕ್ಕೆ ಎಷ್ಟು ಸಲ ಈ ಮೇಜಿನ ಮುಂದೆ ಆ ಅಕ್ಷರವನ್ನು ಹೇಳುತ್ತಿದ್ದಳೋ ಏನೋ, ಕಿವಿಗೆ ಹಾಕಿಕೊಂಡಿರಲಿಲ್ಲ, ಅಷ್ಟೇ. ಬಾಯಿ ನೋಡುವ ಪುಟ್ಟ ಕನ್ನಡಿ ತಂದು ಹಿಡಿದುಕೊಂಡು ನೋಡಿದಳು. ಹಲ್ಲಿನ ಅಂಚು ಇಳಿಯುತ್ತಿದ್ದದ್ದು ತುಟಿಯ ಒಣ ಭಾಗ ಮುಗಿದು ಒದ್ದೆ ಭಾಗ ಶುರುವಾಗುವ ಗೆರೆಯ ಮೇಲೆ. ತಾನು ಅತ್ತೆಗೆ ಕೂರಿಸಿದ್ದ ಹಲ್ಲುಗಳು ಅಷ್ಟು ಕೆಳಗೆ ಬರುತ್ತಲೇ ಇರಲಿಲ್ಲ, ಒಳಗೂ ಸರಿದಿದ್ದವು. ನೋಡಲು ಚೆಂದವಿದ್ದವು, ದುಡಿಯಲು ಗಿಡ್ಡ.

ಅಂದು ಸಂಜೆ ಮನೆಗೆ ಬಂದವಳೇ, ಚೀಲವನ್ನೂ ಇಡದೆ, ಬಾಗಿಲಲ್ಲೇ ನಿಂತು ಕೇಳಿದಳು. "ಅತ್ತೆ, ಸೆಕೆ ಇದೆಯಲ್ಲ, ಫ್ಯಾನ್ ಹಾಕ್ಲಾ?"

ಅತ್ತೆ ಗೋಡೆಯಿಂದ ಮುಖ ತಿರುಗಿಸಿದರು. ಎದ್ದು ಕೂತು ಅವಳನ್ನೇ ನೋಡಿದರು. ಆಮೇಲೆ ಹಾಸಿಗೆಯಿಂದ ಇಳಿದು, ತಾವೇ ಹೋಗಿ ಫ್ಯಾನ್ ಹಾಕಿ, ಸ್ಲೇಟಿನ ಮೇಲೆ ಬಹಳ ಹೊತ್ತು ಬರೆದರು. "ತಿರುಗೋದು ಅಂತಿದ್ದೆ. ನನಗೆ ಗೊತ್ತಾಗುತ್ತಿತ್ತು. ಯಾಕೆ ಅಂತ ಕೇಳಲಿಲ್ಲ. ಕೇಳಬೇಕಿತ್ತು." ಸೊಸೆ ಓದಿಕೊಂಡು, ಕೈ ಕಾಲು ತೊಳೆದು ಬರುತ್ತೇನೆ ಎಂದು ಒಳಗೆ ಹೋದಳು. ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತಳು.

ಮುಂದಿನದು ಅವಳ ಕೈಗೆ ಗೊತ್ತಿದ್ದ ಕೆಲಸ. ಮುಂದಿನ ಹಲ್ಲುಗಳನ್ನೆಲ್ಲ ಕಿತ್ತು, ಹೊಸ ಮೇಣ ಹಾಕಿ, ಕೂದಲೆಳೆಯಷ್ಟು ಮುಂದಕ್ಕೂ ಕೆಳಕ್ಕೂ ತಂದಳು. ಅತ್ತೆಯ ಬಾಯಿಗೆ ಹಾಕಿ, ಅವರ ಕೆಳತುಟಿಯನ್ನು ತನ್ನ ಬೆರಳಿನಿಂದಲೇ ಎತ್ತಿ ಅಂಚಿಗೆ ತಾಗಿಸಿ ನೋಡಿ, ತೆಗೆದು, ಸರಿಮಾಡಿ, ಮತ್ತೆ ಹಾಕಿದಳು. ಅತ್ತೆ ಕಲ್ಲಿನಂತೆ ಕೂತು ತುಟಿ ಒಪ್ಪಿಸಿದ್ದರು. ಇಬ್ಬರೂ ಮಾತಿಲ್ಲದೆ ಒಬ್ಬರ ಬಾಯಿ ಒಬ್ಬರು ನೋಡುತ್ತ ಹಲವು ಮಧ್ಯಾಹ್ನಗಳು ಹೋದವು.

ಕೊನೆಗೆ ಇನ್ನು ಮಾಡುವುದು ಏನೂ ಉಳಿಯಲಿಲ್ಲ. ಡಾಕ್ಟರು ಊಟಕ್ಕೆ ಹೋಗಿದ್ದರು. ಹಿಂದಿನ ಕೋಣೆಯಲ್ಲಿ ಇವರಿಬ್ಬರೇ. ಸೊಸೆ ಮೇಣದ ಹಲ್ಲನ್ನು ಕೂರಿಸಿ, ಒಂದು ಬಟ್ಟಲಲ್ಲಿ ತಣ್ಣೀರು ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ತಣ್ಣೀರು ಯಾಕೆಂದರೆ, ಮೇಣದ ಹಲ್ಲು ಬಾಯಲ್ಲಿ ಹೆಚ್ಚು ಹೊತ್ತು ಇರಬಾರದು. ಬಾಯಿಯ ಬಿಸಿಗೆ ಮೇಣ ಮೆತ್ತಗಾಗಿ ಹಲ್ಲು ಸರಿದುಬಿಡುತ್ತದೆ. ಒಂದೆರಡು ಮಾತು ಹೇಳಿಸು, ತೆಗೆ, ನೀರಿಗೆ ಹಾಕು, ಅಷ್ಟೇ. ಇದನ್ನು ಅವಳು ಅತ್ತೆಗೆ ಮೊದಲೇ ಹೇಳಿದ್ದಳು.

"ಯಾವಾಗ ಬೇಕೋ ಆವಾಗ, ಅತ್ತೆ. ನಾನು ಆ ಕಡೆ ತಿರುಗಿಕೊಳ್ತೀನಿ," ಎಂದು ತಿರುಗಿ ನಿಂತಳು.

ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತಿತ್ತು, ಅದು ನಿಂತಿತು.

"ಫಿಫ್ಟಿ ಫೈವ್."

ಹೊಸ ಬಟ್ಟೆ ಹರಿದಷ್ಟು ಸ್ವಚ್ಛವಾದ ಸದ್ದು. ಸೊಸೆ ತಿರುಗಲಿಲ್ಲ, ತಿರುಗಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಹೆದರಿದಳು. "ವೆರಿ ಫೈನ್," ಎಂದರು ಅತ್ತೆ. ಸ್ವಲ್ಪ ತಡೆದು, "ಫಾದರ್. ಲಾಫ್. ರಫ್. ಫೋಟೋಗ್ರಾಫ್. ವೇವ್. ಝೀರೋ. ಥ್ರೀ." ಬಹಳ ದಿನದ ಮೇಲೆ ಊರಿನಿಂದ ಬಂದವರು ಬೀಗ ತೆಗೆದು ಒಂದೊಂದೇ ಕೋಣೆ ನೋಡಿಕೊಂಡು ಬರುವ ಹಾಗೆ ಅವರು ಎಲ್ಲ ವ್ಯಂಜನಗಳನ್ನೂ ಮುಟ್ಟಿ ಬಂದರು. ಎಲ್ಲವೂ ಇಟ್ಟಲ್ಲೇ ಇದ್ದವು.

"ಬಂತಲ್ಲ ಅತ್ತೆ," ಎಂದು ಸೊಸೆ ತಿರುಗಿದಳು. "ಸಾಕು, ಈಗ ತೆಗೀರಿ. ಮೇಣ ಮೆತ್ತಗಾಗುತ್ತೆ."

"ತೆಗೀತೀನಿ ಇರು," ಎಂದರು ಅತ್ತೆ, ಕನ್ನಡದಲ್ಲಿ. "ಒಂದು ಮಾತು ಹೇಳಿ ತೆಗೀತೀನಿ. ಆ ಪಕ್ಕದ ಮನೆಯಾಕೆಗೆ ಹೇಳು, ನಾನು ಬಿಟ್ಟಿದ್ದು ಮಾತು, ಕಿವಿಯಲ್ಲ ಅಂತ. ದಿನಾ ಕಿಟಕಿ ಹತ್ರ ನಿಂತು ಊಟ ಆಯ್ತಾ ಅಂತ ಕೈಸನ್ನೆ ಮಾಡ್ತಾಳೆ, ನಾನೇನು ಕಿವುಡಿನಾ? ಮತ್ತೆ ನಿನ್ನ ಗಂಡ, ನಾನು ಸುಮ್ನಿದೀನಿ ಅಂತ ಗೊತ್ತಾದದ್ದೇ ತಡ, ಬೂಟು ಹಾಕ್ಕೊಂಡೇ ಅಡುಗೆಮನೆವರೆಗೂ ಬರ್ತಾನೆ. ಎಲ್ಲ ನೋಡಿಟ್ಕೊಂಡಿದೀನಿ. ನೀನೂ ಅಷ್ಟೇ, ಆ ಪರದೆ ಒಂದು ದಿನಾನಾದ್ರೂ ನೆಟ್ಟಗೆ ಎಳೆದಿದೀಯಾ?"

"ಎಳೀತೀನಿ ಅತ್ತೆ. ಹಲ್ಲು ತೆಗೀರಿ."

"ಆ ಹೋಟೆಲ್ ಹುಡುಗೀನ ಕರೀಬೇಕು. ತಪ್ಪು ಹೇಳ್ಕೊಟ್ಟು ಕಳ್ಸಿದೀನಿ, ಪಾಪ, ಎಷ್ಟು ಜನಕ್ಕೆ ಎಷ್ಟು ಕೋಣೆ ತಪ್ಪು ಹೇಳಿದಾಳೋ." ಅತ್ತೆ ಉಸಿರು ತೆಗೆದುಕೊಂಡರು. ದನಿ ತಗ್ಗಿತು. "ನಾನು ಬಚ್ಚಲಲ್ಲಿ ಹೇಳಿ ನೋಡ್ತಿದ್ದೆ ಕಣೇ. ನಲ್ಲಿ ಬಿಟ್ಕೊಂಡು, ನಿಮಗ್ಯಾರಿಗೂ ಕೇಳ್ದೆ ಇರೋ ಹಾಗೆ. ದಿನಾ ನೋಡ್ತಿದ್ದೆ. ಇವತ್ತು ಬರಬಹುದು, ನಾಳೆ ಬರಬಹುದು ಅಂತ. ಹಲ್ಲಿಲ್ಲದೆ ಎಲ್ಲಿಂದ ಬರುತ್ತೆ. ಜೀವನವೆಲ್ಲ ಮಕ್ಕಳಿಗೆ ನಿನಗೆ ಬರಲ್ಲ, ನಿನಗೆ ಬರಲ್ಲ ಅಂತ ಹೇಳಿದೀನಿ. ಬರದೇ ಇರೋದು ಹೇಗಿರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಸೊಸೆ ಬಟ್ಟಲು ಹಿಡಿದು ನಿಂತೇ ಇದ್ದಳು. ಅತ್ತೆಯ ಮುಂದಿನ ಹಲ್ಲು ನಿಧಾನಕ್ಕೆ ವಾಲುತ್ತಿರುವುದು ಅವಳಿಗೆ ಕಾಣುತ್ತಿತ್ತು. ಈಗ ಬಾಯಿಗೆ ಕೈ ಹಾಕಿ ತೆಗೆಯಬೇಕಿತ್ತು. ಬೇರೆ ಯಾರೇ ಆಗಿದ್ದರೂ ತೆಗೆಯುತ್ತಿದ್ದಳು. ಇಷ್ಟು ದಿನ ಕಾದ ಮಾತನ್ನು ನಡುವೆ ತುಂಡು ಮಾಡಲು ಅವಳ ಕೈ ಏಳಲಿಲ್ಲ. ಹಲ್ಲು ಹೋದರೆ ಹೋಗಲಿ ಎಂದುಕೊಂಡಳು.

"ಯಾರಿಗೂ ಹೇಳೋಕಾಗದೆ, ಒಂದಿನ ಪಜೀತಿ ನೋಡು, ನನ್ನ ತಂಗಿ ಪೋನ್ ಮಾಡಿದ್ಲು..." ಎಂದ ಅತ್ತೆ ಅಲ್ಲೇ ನಿಂತರು.

ಕೇಳಿಸಿಕೊಂಡಿದ್ದರು. ಯಾರಿಗೆ ಕೇಳಿಸದಿದ್ದರೂ ಆ ಕಿವಿಗೆ ಕೇಳಿಸದೆ ಇರುವುದಿಲ್ಲ. ನಾಲಿಗೆಯಿಂದ ಹಲ್ಲನ್ನು ತಡವಿ ನೋಡಿಕೊಂಡರು. ಎರಡು ಬೆರಳು ಹಾಕಿ ಸೆಟ್ಟನ್ನು ಹೊರತೆಗೆದು ಅಂಗೈಯಲ್ಲಿಟ್ಟುಕೊಂಡರು. ಮುಂದಿನ ಹಲ್ಲುಗಳು ಬಸ್ಸಿನಲ್ಲಿ ನಿದ್ದೆ ಹೋದವರಂತೆ ಒಂದರ ಮೇಲೊಂದು ಒರಗಿದ್ದವು. ಅದನ್ನು ನೋಡಿ, ಸೊಸೆಯ ಕೈಯಲ್ಲಿದ್ದ ಬಟ್ಟಲಿಗೆ ಹಾಕಿ, ತುಟಿ ಮುಚ್ಚಿದರು. ಕೆನ್ನೆ ಮತ್ತೆ ಒಳಗೆ ಹೋಯಿತು. ಸ್ಲೇಟು ಎಲ್ಲಿದೆ ಎಂದು ಅವರ ಕಣ್ಣು ಹುಡುಕುತ್ತಿದೆ ಎಂದೇ ಸೊಸೆ ತಿಳಿದಳು.

"ಹಾಳಾಯ್ತಾ?" ಎಂದರು ಅತ್ತೆ.

ಬರಿಯ ಒಸಡಿನ ಬಾಯಿ, ಗಾಳಿ ತುಂಬಿದ ಮಾತು.

"ಇಲ್ಲ ಅತ್ತೆ. ಸ್ವಲ್ಪ ಸರಿದಿದೆ. ಜಾಗ ಗೊತ್ತಿದೆ, ಮತ್ತೆ ಕೂರಿಸ್ತೀನಿ."

"ಹೊತ್ತಾಗುತ್ತಾ?"

"ಸಂಜೆಯಾಗಬಹುದು."

"ಆಗಲಿ ಬಿಡು. ಆ ಸ್ಟೂಲ್ ಈ ಕಡೆ ಎಳಿ, ನೀನು ಮಾಡೋದನ್ನ ಇಲ್ಲೇ ಕೂತು ನೋಡ್ತೀನಿ. ಇಷ್ಟು ವರ್ಷ ಆಯ್ತು, ನಿನ್ನ ಕೆಲಸ ಏನು ಅಂತ ಒಂದಿನಾನೂ ನೋಡಿಲ್ಲ ನಾನು." ಅತ್ತೆ ಸೆರಗಿನಿಂದ ತುಟಿ ಒರೆಸಿಕೊಂಡು ಕೂತರು. "ಎಲ್ಲಿದ್ದೆ? ನನ್ನ ತಂಗಿ. ಅವಳು ಪೋನ್ ಮಾಡಿದ್ಲಾ, ನಾನು ಎತ್ತಿಬಿಟ್ಟೆ, ಎತ್ತಿ ಏನೂ ಹೇಳದೆ ಹಾಗೇ ಹಿಡ್ಕೊಂಡು ನಿಂತಿದ್ದೆ. ಅವಳು ಅಕ್ಕ, ಅಕ್ಕ ಅಂತ ಕೂಗ್ತಾನೇ ಇದ್ಲು..."

ಸಕಾರವೆಲ್ಲ ಸೀಟಿಯಾಗುತ್ತಿತ್ತು, ಎಫ್ ಎಲ್ಲ ಪಕಾರವಾಗುತ್ತಿತ್ತು, ಕೆಲವು ಮಾತು ಅರ್ಥವೇ ಆಗುತ್ತಿರಲಿಲ್ಲ. ಸೊಸೆ ಬೆಂಕಿಕಡ್ಡಿ ಗೀರಿ ದೀಪ ಹಚ್ಚಿದಳು. ಕಣ್ಣು ತುಂಬಿ ಉರಿ ಎರಡಾಗಿ ಕಾಣುತ್ತಿತ್ತು, ಅದು ಒಂದಾಗುವವರೆಗೆ ಕಾದು ಮೇಣ ಕಾಯಿಸಿದಳು. ಅತ್ತೆ ಮಾತಾಡುತ್ತಲೇ ಇದ್ದರು.